ಮನೆಮಂದಿಗೆಲ್ಲ ಒಂದೇ ಹಳೆ ಕಂಪ್ಯೂಟರ್: ಆಂಟಿವೈರಸ್ ಆರಿಸುವುದು ಹೇಗೆ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಗಳಲ್ಲಿ ಕಂಪ್ಯೂಟರ್ ಅಂದರೆ ಒಬ್ಬರ ಸ್ವತ್ತಲ್ಲ. ಮಗ ಇಂಜಿನಿಯರಿಂಗ್ ಓದುವಾಗ ತಂದದ್ದು. ಅವನು ಕೆಲಸಕ್ಕೆ ಬೆಂಗಳೂರು ಸೇರಿದ ಮೇಲೂ ಅದು ನಡುಮನೆಯಲ್ಲೇ ಉಳಿದಿರುತ್ತದೆ. ಅಪ್ಪ ಅದರಲ್ಲಿ ಪಹಣಿ ತೆಗೆಯುತ್ತಾರೆ, ಅಡಿಕೆ ಧಾರಣೆ ನೋಡುತ್ತಾರೆ. ಅಮ್ಮ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಾರೆ. ಮಗಳು ಕುವೆಂಪು ವಿಶ್ವವಿದ್ಯಾಲಯದ ರಿಸಲ್ಟ್ ನೋಡುತ್ತಾಳೆ, ಸಣ್ಣವನು ಗೇಮ್ ಆಡುತ್ತಾನೆ. ಮಧ್ಯದಲ್ಲಿ ಪಕ್ಕದ ಮನೆಯವರು ಪೆನ್‌ಡ್ರೈವ್ ಹಿಡಿದು ಬರುತ್ತಾರೆ.

ಇಂಥ ಯಂತ್ರಕ್ಕೆ ಯಾವ ಆಂಟಿವೈರಸ್ ಒಳ್ಳೆಯದು ಅಂತ ತುಂಬಾ ಜನ ಕೇಳುತ್ತಾರೆ. ಒಂದು ಹೆಸರು ಹೇಳಿ ಮುಗಿಸಿಬಿಡಬಹುದು. ಆದರೆ ಅದರಿಂದ ಪ್ರಯೋಜನ ಕಮ್ಮಿ. ಹಳೆ ಯಂತ್ರ ಹೊರಬಲ್ಲ ಆಂಟಿವೈರಸ್ಸೇ ಬೇರೆ, ಹೊಸದು ಹೊರುವುದೇ ಬೇರೆ. ಇಂಟರ್ನೆಟ್ ಸರಿಯಾಗಿ ಬರುವ ಶಿವಮೊಗ್ಗ ಪೇಟೆಯ ಮನೆಗೆ ಸಾಕಾಗುವುದು, ಗುಡ್ಡದ ಮರೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಬರುವ ಮನೆಗೆ ಸಾಕಾಗದೇ ಹೋಗಬಹುದು. ಹೆಚ್ಚಿನ ಮನೆಗಳು ದುಡ್ಡು ಕೊಟ್ಟು ಏನನ್ನೂ ಕೊಳ್ಳಬೇಕಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಯಾರು ಕೊಳ್ಳಬೇಕು, ಯಾರಿಗೆ ಬೇಡ ಎನ್ನುವುದನ್ನು ಹಂತ ಹಂತವಾಗಿ ನೋಡೋಣ.

ಹಂತ 1: ಮೊದಲು ನಿಮ್ಮ ಯಂತ್ರ ಯಾವುದು ಅಂತ ತಿಳಿದುಕೊಳ್ಳಿ

ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀ ಮತ್ತು 'ಆರ್' ಒಟ್ಟಿಗೆ ಒತ್ತಿ. ಬರುವ ಸಣ್ಣ ಪೆಟ್ಟಿಗೆಯಲ್ಲಿ 'ವಿನ್‌ವರ್' (winver) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಹೊಡೆಯಿರಿ. ವಿಂಡೋಸ್ 7, 8.1, 10, 11 ಇವುಗಳಲ್ಲಿ ಯಾವುದು ಅಂತ ಗೊತ್ತಾಗುತ್ತದೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಅಬೌಟ್ ತೆರೆದರೆ ರ‍್ಯಾಮ್ (ಯಂತ್ರ ಕೆಲಸ ಮಾಡುವಾಗ ಬಳಸುವ ಮೆಮೊರಿ) ಎಷ್ಟು, 32 ಬಿಟ್ಟೋ 64 ಬಿಟ್ಟೋ ಅಂತ ಕಾಣಿಸುತ್ತದೆ. ವಿಂಡೋಸ್ 7ರಲ್ಲಾದರೆ 'ಕಂಪ್ಯೂಟರ್' ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಇವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಂಗಡಿಗೆ ಹೋದರೂ, ಫೋನಿನಲ್ಲಿ ಮಗನನ್ನು ಕೇಳಿದರೂ ಇವೇ ಬೇಕಾಗುವುದು.

ಇನ್ನೊಂದು ಸಂಗತಿ ಯಾರೂ ನೋಡುವುದಿಲ್ಲ. ಪರದೆಯ ಮೂಲೆಯಲ್ಲಿರುವ ದಿನಾಂಕ ಸರಿ ಇದೆಯಾ? ಹಳೆ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ನಾಣ್ಯದ ಗಾತ್ರದ ಒಂದು ಸೆಲ್ ಇರುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಅದು ಸಿಆರ್ 2032 ಎನ್ನುವ ಸೆಲ್. ಅದು ಸತ್ತಿದ್ದರೆ, ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಲವು ವರ್ಷ ಹಿಂದಕ್ಕೆ ಓಡುತ್ತದೆ. ದಿನಾಂಕ ತಪ್ಪಿದರೆ ಬ್ಯಾಂಕಿನ ವೆಬ್‌ಸೈಟ್ ತೆರೆಯುವುದಿಲ್ಲ, ಆಂಟಿವೈರಸ್ ಅಪ್‌ಡೇಟ್ ಆಗುವುದಿಲ್ಲ, ದುಡ್ಡು ಕೊಟ್ಟು ತಂದ ಲೈಸೆನ್ಸ್ ಕೂಡ ತಕರಾರು ಮಾಡುತ್ತದೆ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ನಮ್ಮ ಕಡೆ ಈ ತೊಂದರೆ ಜಾಸ್ತಿ. 'ವೈರಸ್ ಬಂದಿದೆ' ಅಂತ ಅಂಗಡಿಗೆ ಹೊತ್ತೊಯ್ಯುವ ಮೊದಲು ದಿನಾಂಕ ನೋಡಿ. ಸೆಲ್ಲಿಗೆ ಹೆಚ್ಚು ದುಡ್ಡೇನೂ ಆಗುವುದಿಲ್ಲ.

ಹಂತ 2: ವಿಂಡೋಸಿಗೆ ವಯಸ್ಸೆಷ್ಟು?

ಆಂಟಿವೈರಸ್ಸಿಗಿಂತ ಇದೇ ದೊಡ್ಡ ಪ್ರಶ್ನೆ. ವಿಂಡೋಸಿನಲ್ಲಿ ಕಾಲಕಾಲಕ್ಕೆ ತೂತುಗಳು, ಅಂದರೆ ಕಳ್ಳರು ನುಗ್ಗಬಹುದಾದ ದೋಷಗಳು, ಸಿಗುತ್ತಲೇ ಇರುತ್ತವೆ. ಮೈಕ್ರೋಸಾಫ್ಟ್ ಅವನ್ನು ಮುಚ್ಚುವ ಅಪ್‌ಡೇಟ್ ಕಳಿಸುತ್ತದೆ. ಅದು ನಿಂತ ಮೇಲೆ ಎಷ್ಟೇ ದುಬಾರಿ ಆಂಟಿವೈರಸ್ ಹಾಕಿದರೂ ಆ ತೂತು ತೆರೆದೇ ಇರುತ್ತದೆ.

ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿಯಿತು. 8.1ಕ್ಕೆ 2023ರ ಜನವರಿ 10ಕ್ಕೆ ಮುಗಿಯಿತು. ವಿಂಡೋಸ್ 7ರಲ್ಲಿ 'ಡಿಫೆಂಡರ್' ಅನ್ನುವ ಹೆಸರು ಕಂಡು ನೆಮ್ಮದಿಯಾಗಬೇಡಿ. ಅದು ಬೇಹುಗಾರಿಕೆ ತಂತ್ರಾಂಶಗಳನ್ನು ಹುಡುಕುವ ಹಳೆಯ ಸಾಧನ ಅಷ್ಟೇ. ಪೂರ್ತಿ ಆಂಟಿವೈರಸ್ ಅಲ್ಲ. ಕ್ರೋಮ್ ಬ್ರೌಸರ್ ಕೂಡ 109ನೇ ಆವೃತ್ತಿಗೇ ವಿಂಡೋಸ್ 7 ಮತ್ತು 8.1ರ ಕೈಬಿಟ್ಟಿದೆ. ಇಂಥ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಮಾಡಲೇಬೇಡಿ. ಅದಕ್ಕೆ ಫೋನ್ ಸಾಕು.

ಹಾಗಂತ ಯಂತ್ರ ಬಿಸಾಡಬೇಕಿಲ್ಲ. ಎರಡು ದಾರಿ ಇದೆ. ಇಂಟರ್ನೆಟ್ ಪೂರ್ತಿ ತೆಗೆದುಬಿಟ್ಟು ಲೆಕ್ಕ ಬರೆಯಲು, 'ನುಡಿ' ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಲು, ಫೋಟೋ ಇಡಲು ಮಾತ್ರ ಬಳಸುವುದು ಒಂದು. ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎನ್ನುವ ಆಪರೇಟಿಂಗ್ ಸಿಸ್ಟಂ ಹಾಕುವುದು ಇನ್ನೊಂದು. ಅದರಲ್ಲಿ ಎಕ್ಸ್‌ಎಫ್‌ಸಿಇ ಎನ್ನುವ ಹಗುರ ಆವೃತ್ತಿ ಇದೆ. ಕನಿಷ್ಠ 2 ಜಿಬಿ ರ‍್ಯಾಮ್ ಬೇಕು, 4 ಜಿಬಿ ಇದ್ದರೆ ಆರಾಮ. ಈಗಿನ ಆವೃತ್ತಿಗೆ 64 ಬಿಟ್ ಪ್ರೊಸೆಸರ್ ಇರಬೇಕು. ಹಣ ಕೊಡಬೇಕಿಲ್ಲ, ಕನ್ನಡ ಯೂನಿಕೋಡ್ ಟೈಪಿಂಗ್ ನಡೆಯುತ್ತದೆ, ಮನೆ ಬಳಕೆಗೆ ಬೇರೆ ಆಂಟಿವೈರಸ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆದರೆ ವಿಂಡೋಸಿಗೆಂದು ಮಾಡಿದ ನುಡಿ, ಟ್ಯಾಲಿ ಇವು ಅದರಲ್ಲಿ ನೇರವಾಗಿ ಓಡುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಅವು ಬೇಕೇ ಬೇಕು ಅಂದರೆ ಮೊದಲೇ ಯೋಚಿಸಿ.

ವಿಂಡೋಸ್ 10ರದ್ದು ಬೇರೆ ಕತೆ. ಮಲೆನಾಡಿನ ಹೆಚ್ಚಿನ ಹಳೆ ಯಂತ್ರಗಳು ಇದರಲ್ಲೇ ಓಡುತ್ತಿವೆ. ಇದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೆ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಇದು ತಾನಾಗಿ ಬರುವುದಿಲ್ಲ, ನೋಂದಾಯಿಸಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ 'ಎನ್‌ರೋಲ್ ನೌ' ಅನ್ನುವ ಕೊಂಡಿ ಇರುತ್ತದೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆಯೂ ಬೇಕು. ಸೆಟ್ಟಿಂಗ್ಸ್ ಬ್ಯಾಕಪ್ ಆಗಲು ಒಪ್ಪಿಕೊಂಡರೆ ದುಡ್ಡು ಕೇಳುವುದಿಲ್ಲ. ಈ ಒಂದು ಕೆಲಸ ಮಾಡದೆ ಅಂಗಡಿಯಿಂದ ಆಂಟಿವೈರಸ್ ಡಬ್ಬ ತಂದರೆ ಅರ್ಧ ದುಡ್ಡು ನೀರಿಗೆ ಹಾಕಿದ ಹಾಗೆ.

ವಿಂಡೋಸ್ 11ಕ್ಕೆ ಏರಲು ಟಿಪಿಎಂ 2.0 ಎನ್ನುವ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಬಹುಪಾಲು 8ನೇ ತಲೆಮಾರು ಅಥವಾ ನಂತರದ್ದಿರಬೇಕು. ಅದಿಲ್ಲದ ಯಂತ್ರಕ್ಕೆ ಅಡ್ಡದಾರಿಯಲ್ಲಿ 11 ಹಾಕಿಕೊಡುವವರು ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಖಾತ್ರಿ ಅದಕ್ಕಿಲ್ಲ.

ಹಂತ 3: ಒಳಗಿರುವ ಹಳೆ ಆಂಟಿವೈರಸ್ ಕಿತ್ತುಹಾಕಿ

ಹಳೆ ಕಂಪ್ಯೂಟರ್ ತೆರೆದು ನೋಡಿದರೆ, ಕೊಳ್ಳುವಾಗ ಬಂದ ಟ್ರಯಲ್ ಒಂದು, ಅಂಗಡಿಯವರು ಹಾಕಿದ್ದು ಒಂದು, ಯಾವುದೋ ಡೌನ್‌ಲೋಡ್ ಜೊತೆ ಸುಮ್ನೆ ನುಗ್ಗಿದ್ದು ಇನ್ನೊಂದು ಹೀಗೆ ಎರಡು ಮೂರು ಆಂಟಿವೈರಸ್ ಕೂತಿರುತ್ತವೆ. ಅವಧಿ ಮುಗಿದ ಟ್ರಯಲ್ ಸಾಮಾನ್ಯವಾಗಿ ಹೊಸ ವೈರಸ್‌ಗಳ ಮಾಹಿತಿ ತರುವುದಿಲ್ಲ. ಆದರೂ ಮೆಮೊರಿ ತಿನ್ನುತ್ತಲೇ ಇರುತ್ತದೆ. ಕೆಲವೊಮ್ಮೆ ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್ ಎದ್ದು ನಿಲ್ಲದಂತೆ ಅಡ್ಡಗಾಲೂ ಹಾಕುತ್ತದೆ.

ಒಂದೇ ಯಂತ್ರದಲ್ಲಿ ಎರಡು ಆಂಟಿವೈರಸ್ ಇದ್ದರೆ ರಕ್ಷಣೆ ದುಪ್ಪಟ್ಟಾಗುವುದಿಲ್ಲ. ಒಂದು ಫೈಲ್ ತೆರೆದರೆ ಎರಡೂ ಅದನ್ನು ಪರೀಕ್ಷಿಸಲು ಹೋಗುತ್ತವೆ. 4 ಜಿಬಿ ರ‍್ಯಾಮಿನ ಯಂತ್ರ ಅಲ್ಲೇ ಮಲಗುತ್ತದೆ.

ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಗೆ ಹೋಗಿ ಒಂದೊಂದನ್ನೇ ಅನ್‌ಇನ್‌ಸ್ಟಾಲ್ ಮಾಡಿ, ಯಂತ್ರ ರೀಸ್ಟಾರ್ಟ್ ಮಾಡಿ. ಮೆಕಾಫಿ, ನಾರ್ಟನ್, ಅವಾಸ್ಟ್ ಇವುಗಳ ಚೂರು ಒಳಗೆ ಉಳಿದರೆ, ಅದನ್ನು ತೆಗೆಯಲು ಆಯಾ ಕಂಪನಿಯೇ ಪ್ರತ್ಯೇಕ ಸಾಧನ ಕೊಡುತ್ತದೆ. ಅವರದೇ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. 'ಪಿಸಿ ಕ್ಲೀನರ್', 'ಸ್ಪೀಡ್ ಬೂಸ್ಟರ್', 'ಡ್ರೈವರ್ ಅಪ್‌ಡೇಟರ್' ಅಂತ ಹೆಸರಿರುವುದೆಲ್ಲ ಇದ್ದರೆ ಅವೂ ಹೋಗಲಿ. ಹಳೆ ಯಂತ್ರಕ್ಕೆ ಇವುಗಳಿಂದ ಒಳ್ಳೆಯದಾಗಿದ್ದನ್ನು ನಾನು ಕಂಡಿಲ್ಲ.

ಹಂತ 4: ಡಿಫೆಂಡರ್ ಸಾಕಾ, ಬೇರೆ ಬೇಕಾ?

ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಮೊದಲೇ ಇರುತ್ತದೆ. ಬೇರೆ ಆಂಟಿವೈರಸ್ ತೆಗೆದ ಕೂಡಲೇ ಅದು ತಾನಾಗಿ ಕೆಲಸ ಶುರು ಮಾಡುತ್ತದೆ. ವರ್ಷ ವರ್ಷ ದುಡ್ಡು ಕಟ್ಟುವ ತಲೆಬಿಸಿ ಇಲ್ಲ. 'ಈಗಲೇ ನವೀಕರಿಸಿ' ಅಂತ ಹೆದರಿಸುವ ಕಿಟಕಿ ಇಲ್ಲ. ವಿಂಡೋಸ್ 10ಕ್ಕೆ ಡಿಫೆಂಡರಿನ ವೈರಸ್ ಮಾಹಿತಿ 2028ರ ಅಕ್ಟೋಬರ್‌ವರೆಗೂ ಬರುತ್ತದೆ ಅಂತ ಮೈಕ್ರೋಸಾಫ್ಟ್ ತಿಳಿಸಿದೆ. ನೆನಪಿಡಿ, ಇದು ವೈರಸ್ ಗುರುತಿಸುವ ಮಾಹಿತಿ ಮಾತ್ರ. ವಿಂಡೋಸಿನ ತೂತು ಮುಚ್ಚುವ ಅಪ್‌ಡೇಟ್ ಬೇರೆ.

ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದೆ, ವಿಂಡೋಸ್ ಅಪ್‌ಡೇಟ್ ಬರುತ್ತಿದೆ, ಕಂಡಕಂಡ ಪೆನ್‌ಡ್ರೈವ್ ಚುಚ್ಚುವುದಿಲ್ಲ ಅಂದರೆ ಡಿಫೆಂಡರ್ ಸಾಕು. ಧೈರ್ಯವಾಗಿ ಅದನ್ನೇ ಇಟ್ಟುಕೊಳ್ಳಿ.

ಆದರೆ ಮಲೆನಾಡಿನ ಎಲ್ಲ ಮನೆಗೂ ಇದೇ ಮಾತು ಹೇಳಲು ಆಗುವುದಿಲ್ಲ. ಕಾರಣ ಇಂಟರ್ನೆಟ್. ಡಿಫೆಂಡರ್ ತನಗೆ ಅನುಮಾನ ಬಂದ ಫೈಲಿನ ಬಗ್ಗೆ ಮೈಕ್ರೋಸಾಫ್ಟಿನ ಕ್ಲೌಡ್ ಸರ್ವರ್ (ನೆಟ್ ಮೂಲಕ ತಲುಪುವ ಅದರ ಕಂಪ್ಯೂಟರ್) ಜೊತೆ ಮಾತಾಡಿ ತೀರ್ಮಾನ ಮಾಡುತ್ತದೆ. ಅದರ ಶಕ್ತಿಯ ದೊಡ್ಡ ಪಾಲು ಇರುವುದೇ ಅಲ್ಲಿ. ನೆಟ್ ಇಲ್ಲದಾಗ ಆ ಪಾಲು ಇರುವುದಿಲ್ಲ. ಆಸ್ಟ್ರಿಯಾದ ಎವಿ ಕಂಪ್ಯಾರಟಿವ್ಸ್ ಎನ್ನುವ ಪರೀಕ್ಷಾ ಸಂಸ್ಥೆ ತನ್ನ ಮಾಲ್‌ವೇರ್ (ವೈರಸ್ ಥರದ ಕೆಟ್ಟ ತಂತ್ರಾಂಶ) ಪರೀಕ್ಷೆಗಳಲ್ಲಿ ನೆಟ್ ಇದ್ದಾಗ ಎಷ್ಟು ಹಿಡಿಯಿತು, ನೆಟ್ ಇಲ್ಲದಾಗ ಎಷ್ಟು ಹಿಡಿಯಿತು ಅಂತ ಬೇರೆ ಬೇರೆ ಕಾಲಂನಲ್ಲಿ ಹಾಕುತ್ತದೆ. ಪೇಟೆಯವರು ಆ ಎರಡನೇ ಕಾಲಂ ನೋಡದಿದ್ದರೂ ನಡೆಯುತ್ತದೆ. ಆಗುಂಬೆ ಕಡೆಯ ಮನೆಯವರು, ಹಿನ್ನೀರಿನ ಆಚೆಯ ಊರುಗಳವರು ಅದನ್ನೇ ಮೊದಲು ನೋಡಬೇಕು. ಜೂನ್ ತಿಂಗಳಲ್ಲಿ ಲೈನ್ ಮೇಲೆ ಮರ ಬಿದ್ದರೆ ವಾರಗಟ್ಟಲೆ ನೆಟ್ ಇಲ್ಲ, ಅಷ್ಟರಲ್ಲಿ ಶಾಲೆಯಿಂದಲೋ ಜೆರಾಕ್ಸ್ ಅಂಗಡಿಯಿಂದಲೋ ಒಂದು ಪೆನ್‌ಡ್ರೈವ್ ಮನೆಗೆ ಬರುತ್ತದೆ ಅಲ್ವಾ? ಅಂಥ ಮನೆಗೆ ನೆಟ್ ಇಲ್ಲದೆಯೂ ಚೆನ್ನಾಗಿ ಹಿಡಿಯುವ ಆಂಟಿವೈರಸ್ ಬೇಕು.

ಇನ್ನೊಂದು ತೂಕದ ಪ್ರಶ್ನೆ. ಎವಿ ಕಂಪ್ಯಾರಟಿವ್ಸ್‌ನ ಪರ್ಫಾರ್ಮೆನ್ಸ್ ಪರೀಕ್ಷೆ ಸಾಧಾರಣ ಶಕ್ತಿಯ ಯಂತ್ರದ ಮೇಲೆ ನಡೆಯುತ್ತದೆ. ಫೈಲ್ ನಕಲು ಮಾಡಲು, ಬ್ರೌಸರ್ ತೆರೆಯಲು, ತಂತ್ರಾಂಶ ಹಾಕಲು ಎಷ್ಟು ನಿಧಾನವಾಯಿತು ಅಂತ ಅಳೆಯುತ್ತಾರೆ. ಹಳೆ ಯಂತ್ರದವರಿಗೆ ಇದಕ್ಕಿಂತ ಉಪಯೋಗದ ಪಟ್ಟಿ ಇಲ್ಲ. ಜರ್ಮನಿಯ ಎವಿ ಟೆಸ್ಟ್ ಸಂಸ್ಥೆ ರಕ್ಷಣೆ, ವೇಗ, ಬಳಕೆ ಮೂರಕ್ಕೂ ತಲಾ 6ರಂತೆ ಒಟ್ಟು 18 ಅಂಕ ಕೊಡುತ್ತದೆ. ಒಟ್ಟು ಅಂಕ ನೋಡಿ ಸುಮ್ಮನಾಗಬೇಡಿ, ರಕ್ಷಣೆ ಮತ್ತು ವೇಗದ ಅಂಕ ಬೇರೆ ಬೇರೆ ನೋಡಿ. ಎರಡೂ ಸಂಸ್ಥೆಗಳ ಫಲಿತಾಂಶ ಬಿಟ್ಟಿಯಾಗಿ ಓದಲು ಸಿಗುತ್ತದೆ. ಒಂದು ಪರೀಕ್ಷೆಯಲ್ಲಿ ಮೊದಲು ಬಂದದ್ದಕ್ಕಿಂತ, ಎರಡು ಮೂರು ವರ್ಷದಿಂದ ಒಂದೇ ಸಮ ಚೆನ್ನಾಗಿ ಬರುತ್ತಿರುವುದನ್ನು ಆರಿಸಿ. 'ಟಾಪ್ 10 ಆಂಟಿವೈರಸ್' ಅಂತ ಬರೆದು ಪ್ರತಿ ಹೆಸರಿನ ಕೆಳಗೆ ಕೊಳ್ಳುವ ಬಟನ್ ಇಟ್ಟಿರುವ ಪಟ್ಟಿಗಳನ್ನು ನಂಬಬೇಡಿ. ಅಲ್ಲಿ ಕಮಿಷನ್ ಇರುವುದೇ ಹೆಚ್ಚು.

ನಮ್ಮ ದೇಶದ ಕಂಪನಿಗಳೂ ಇವೆ. ಕ್ವಿಕ್ ಹೀಲ್ ಪುಣೆಯದು, ಕೆ7 ಚೆನ್ನೈಯದು. ಇವುಗಳ ಡಬ್ಬ ಶಿವಮೊಗ್ಗದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ತೊಂದರೆಯಾದರೆ ಕೇಳಲು ಹತ್ತಿರದಲ್ಲಿ ಒಬ್ಬರು ಇರುತ್ತಾರೆ. ವಯಸ್ಸಾದವರೇ ಇರುವ ಮನೆಗೆ ಇದು ದೊಡ್ಡ ಅನುಕೂಲ, ಸಣ್ಣದೆಂದು ತಳ್ಳಿಹಾಕಬೇಡಿ. ಹೊರದೇಶದ್ದರಲ್ಲಿ ರೊಮೇನಿಯಾದ ಬಿಟ್‌ಡಿಫೆಂಡರ್‌ಗೆ ಬಿಟ್ಟಿ ಆವೃತ್ತಿ ಇದೆ.

ಬಿಟ್ಟಿ ಅಂದಾಗ ಒಂದು ಎಚ್ಚರಿಕೆ. ಅವಾಸ್ಟ್ ತನ್ನ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎನ್ನುವ ಅಂಗಸಂಸ್ಥೆಯ ಮೂಲಕ ಮಾರಿತ್ತು. 2020ರಲ್ಲಿ ಆ ಅಂಗಸಂಸ್ಥೆ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎನ್ನುವ ಸರ್ಕಾರಿ ಸಂಸ್ಥೆ ಈ ವಿಷಯಕ್ಕೆ 1.65 ಕೋಟಿ ಡಾಲರ್ ಕಟ್ಟಲು ಹೇಳಿತು. ಆಂಟಿವೈರಸ್ ನಿಮ್ಮ ಯಂತ್ರದ ಮೂಲೆಮೂಲೆ ನೋಡುತ್ತದೆ. ಹಾಗಾಗಿ ಯಾವುದೇ ಬಿಟ್ಟಿ ಆಂಟಿವೈರಸ್ ಹಾಕುವಾಗ 'ಮಾಹಿತಿ ಹಂಚಿಕೊಳ್ಳಲು ಒಪ್ಪುತ್ತೇನೆ' ಅನ್ನುವ ಗುರುತುಗಳನ್ನು ಓದಿ, ಬೇಡದ್ದನ್ನು ತೆಗೆಯಿರಿ.

ದುಡ್ಡು ಕೊಟ್ಟು ಕೊಳ್ಳುವ ಮೊದಲು ಟ್ರಯಲ್ ಹಾಕಿ ನೋಡಿ. ಹೆಚ್ಚಿನ ಕಂಪನಿಗಳು ಕೊಡುತ್ತವೆ. ಹಾಕುವ ಮೊದಲು ಕಂಪ್ಯೂಟರ್ ಪೂರ್ತಿ ಆನ್ ಆಗಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಫೋನಿನ ಸ್ಟಾಪ್‌ವಾಚ್ ಹಿಡಿದು ನೋಡಿ. ಹಾಕಿದ ಮೇಲೆ ಇನ್ನೊಮ್ಮೆ ನೋಡಿ. ಮೊದಲ ದಿನ ಎಲ್ಲ ಆಂಟಿವೈರಸ್ಸೂ ನಿಧಾನವೇ, ಎರಡು ಮೂರು ದಿನ ಬಿಟ್ಟು ಅಳೆಯಿರಿ. ಲೈಸೆನ್ಸ್ ಒಂದು ಯಂತ್ರಕ್ಕೋ ಮೂರಕ್ಕೋ, ಒಂದು ವರ್ಷಕ್ಕೋ ಮೂರಕ್ಕೋ ಕೇಳಿ. ಹಳೆ ಯಂತ್ರಕ್ಕೆ ಮೂರು ವರ್ಷದ್ದು ಬೇಡ. ಅಷ್ಟು ದಿನ ಅದು ಬಾಳುತ್ತದೆ ಅಂತ ಯಾರು ಹೇಳಬಲ್ಲರು? ಕ್ರ್ಯಾಕ್ ಮಾಡಿದ, ಅಂದರೆ ಕಳ್ಳದಾರಿಯ ಲೈಸೆನ್ಸ್ ಕೀ ಅಂತೂ ಬೇಡವೇ ಬೇಡ. ಕೀ ಹುಟ್ಟಿಸುವ ತಂತ್ರಾಂಶದ ಒಳಗೇ ವೈರಸ್ ಕೂತಿರುವುದು ಮಾಮೂಲು.

ಯಂತ್ರದಲ್ಲಿ ಇನ್ನೂ ತಿರುಗುವ ಹಾರ್ಡ್‌ಡಿಸ್ಕ್ ಇದ್ದು, ಟಾಸ್ಕ್ ಮ್ಯಾನೇಜರ್ ತೆರೆದಾಗ ಡಿಸ್ಕ್ ಕಾಲಂ ಸದಾ ಶೇ. 100 ತೋರಿಸುತ್ತಿದ್ದರೆ, ಆಂಟಿವೈರಸ್ ಬದಲಾಯಿಸಿ ಪ್ರಯೋಜನ ಇಲ್ಲ. ಅದೇ ದುಡ್ಡನ್ನು ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್ ಆದ ಒಂದು ಎಸ್‌ಎಸ್‌ಡಿಗೆ ಹಾಕಿ. ಸ್ಕ್ಯಾನ್ ನಡೆಯುವಾಗಲೂ ಯಂತ್ರ ಮಾತು ಕೇಳುತ್ತದೆ.

ಹಂತ 5: ಹಾಕಿದ ಮೇಲೆ ಸೆಟ್ಟಿಂಗ್ಸ್

ಕಂಪನಿಯ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ.

ಡಿಫೆಂಡರ್ ಇಟ್ಟುಕೊಂಡವರು 'ವಿಂಡೋಸ್ ಸೆಕ್ಯುರಿಟಿ' ತೆರೆಯಿರಿ. ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗೆ ರಿಯಲ್ ಟೈಮ್, ಕ್ಲೌಡ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇರಲಿ. ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್ ಒಳಗೆ, ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆ ಇದೆ. ಅದನ್ನೂ ಆನ್ ಮಾಡಿ. ಮನೆ ಕಂಪ್ಯೂಟರಿಗೆ ಬರುವ ಕಿರಿಕಿರಿಯಲ್ಲಿ ದೊಡ್ಡ ಪಾಲು ಇಂಥ ಅರ್ಧ ಕಳ್ಳ ಆ್ಯಪ್‌ಗಳದ್ದೇ.

ರ‍್ಯಾನ್‌ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ತಡೆಯಲು 'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್' ಇದೆ. ನಂಬಿಕೆ ಇಲ್ಲದ ತಂತ್ರಾಂಶ ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿ ಬರೆಯದಂತೆ ಅದು ತಡೆಯುತ್ತದೆ. ಒಳ್ಳೆಯದೇ. ಆದರೆ ನುಡಿ, ಬರಹದಂಥ ಹಳೆ ತಂತ್ರಾಂಶವನ್ನೂ ತಡೆಯಬಹುದು. ಫೈಲ್ ಸೇವ್ ಆಗುತ್ತಿಲ್ಲ ಅಂತ ಅಮ್ಮ ಗಾಬರಿಯಾಗುವ ಮೊದಲು, ಅನುಮತಿ ಪಟ್ಟಿಗೆ ಆ ತಂತ್ರಾಂಶವನ್ನು ನೀವೇ ಸೇರಿಸಿ.

ಆಂಟಿವೈರಸ್ ನಿಜವಾಗಿ ಎಚ್ಚರ ಇದೆಯಾ ಅಂತ ನೋಡಲು ಐಕಾರ್ ಎನ್ನುವ ಪರೀಕ್ಷಾ ಫೈಲ್ ಇದೆ. ಬರೀ 68 ಬೈಟಿನದು, ಯಾವ ಅಪಾಯವೂ ಇಲ್ಲ. ಎಲ್ಲ ಮುಖ್ಯ ಆಂಟಿವೈರಸ್‌ಗಳೂ ಅದನ್ನು ವೈರಸ್ ಎಂದೇ ಹಿಡಿಯಬೇಕು ಅಂತ ಮಾಡಿಟ್ಟದ್ದು. ಐಕಾರ್ ಸಂಸ್ಥೆಯ ವೆಬ್‌ಸೈಟಿನಿಂದ ಇಳಿಸಲು ಹೋದಾಗ ಎಚ್ಚರಿಕೆ ಬಂದರೆ ಕೆಲಸ ನಡೆಯುತ್ತಿದೆ ಎಂದರ್ಥ.

ಹಂತ 6: ಒಬ್ಬೊಬ್ಬರಿಗೆ ಒಂದೊಂದು ಖಾತೆ

ಹಂಚಿಕೊಂಡು ಬಳಸುವ ಯಂತ್ರಕ್ಕೆ ಆಂಟಿವೈರಸ್ ಆಯ್ಕೆಯಷ್ಟೇ ಮುಖ್ಯವಾದ ಹಂತ ಇದು. ನಮ್ಮ ಹೆಚ್ಚಿನ ಮನೆಗಳಲ್ಲಿ ಒಂದೇ ಖಾತೆ ಇರುತ್ತದೆ, ಅದಕ್ಕೆ ಪಾಸ್‌ವರ್ಡೂ ಇರುವುದಿಲ್ಲ, ಮೇಲಾಗಿ ಅದು ಯಂತ್ರದಲ್ಲಿ ಏನು ಬೇಕಾದರೂ ಬದಲಾಯಿಸಬಲ್ಲ ಅಡ್ಮಿನಿಸ್ಟ್ರೇಟರ್ ಖಾತೆ. ಅಂದರೆ ಹತ್ತು ವರ್ಷದ ಹುಡುಗ ಗೇಮಿನ ಚೀಟ್ ಅಂತ ಇಳಿಸಿದ ಫೈಲ್, ಅಪ್ಪನ ಬ್ಯಾಂಕ್ ಪಾಸ್‌ವರ್ಡ್ ಇರುವ ಬ್ರೌಸರನ್ನೂ ಮುಟ್ಟಬಹುದು.

ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಇತರ ಬಳಕೆದಾರರ ಭಾಗಕ್ಕೆ ಹೋಗಿ. ಮೊದಲು ಒಂದು ಹೊಸ ಖಾತೆ ಮಾಡಿ ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ, ಗಟ್ಟಿ ಪಾಸ್‌ವರ್ಡ್ ಕೊಡಿ. ಇದನ್ನು ದಿನದ ಕೆಲಸಕ್ಕೆ ಬಳಸುವಂತಿಲ್ಲ, ತಂತ್ರಾಂಶ ಹಾಕಲು ಮಾತ್ರ. ಪಾಸ್‌ವರ್ಡ್ ಮನೆಯ ಒಬ್ಬ ಜವಾಬ್ದಾರಿಯವರ ಹತ್ತಿರ ಇರಲಿ, ಒಂದು ಪ್ರತಿ ಪಹಣಿ ಪತ್ರಗಳ ಜೊತೆ ಬೀರುವಿನಲ್ಲಿರಲಿ. ಆಮೇಲೆ ಉಳಿದವರಿಗೆಲ್ಲ 'ಸ್ಟ್ಯಾಂಡರ್ಡ್' ಖಾತೆ ಮಾಡಿ. ಹಳೆಯ ಖಾತೆಯನ್ನೂ ಸ್ಟ್ಯಾಂಡರ್ಡ್‌ಗೆ ಇಳಿಸಿ. ಮನೆಯವರು ಅದರಲ್ಲೇ ಮುಂದುವರಿಯಬಹುದು, ಫೋಟೋ ಫೈಲುಗಳು ಎಲ್ಲೂ ಹೋಗುವುದಿಲ್ಲ.

ಇದಾದ ಮೇಲೆ ಹೊಸದೊಂದು ತಂತ್ರಾಂಶ ಯಂತ್ರದ ಒಳಕ್ಕೆ ಇಳಿಯಬೇಕು ಅಂದಾಗ ಪಾಸ್‌ವರ್ಡ್ ಕೇಳುತ್ತದೆ. 'ಇದೇನು ಕೇಳ್ತಾ ಇದೆ?' ಅಂತ ಮನೆಯಲ್ಲಿ ಒಬ್ಬರು ಇನ್ನೊಬ್ಬರನ್ನು ಕೇಳುವಂತಾಗುತ್ತದೆ. ನಮಗೆ ಬೇಕಾದದ್ದು ಅದೇ. ಮಕ್ಕಳು ಮೊದಲು ಗೊಣಗುತ್ತಾರೆ. ಅವರ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ, ಅಪ್ಪ ಅಮ್ಮನಿಗೂ ಇದೇ ನಿಯಮ ಅಂತ ತಿಳಿಸಿ ಹೇಳಿ. ಅಪ್ಪ ಅಮ್ಮನೂ ಅದನ್ನು ಪಾಲಿಸಬೇಕು.

ಬ್ರೌಸರಿನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಉಳಿಸಬೇಡಿ.

ಹಂತ 7: ಪೆನ್‌ಡ್ರೈವ್

ನಮ್ಮ ಕಡೆ ಇಂದಿಗೂ ವೈರಸ್ ಮನೆಗೆ ಬರುವ ಹೆದ್ದಾರಿ ಇದು. ಸಿಇಟಿ ಅರ್ಜಿ ಪ್ರಿಂಟ್ ತೆಗೆಸಲು, ಮದುವೆ ಕರೆಯೋಲೆಯ ಡಿಟಿಪಿ ಮಾಡಿಸಲು ಅಂಗಡಿಗೆ ಒಯ್ದ ಪೆನ್‌ಡ್ರೈವ್, ದಿನಕ್ಕೆ ಹತ್ತಾರು ಜನರ ಡ್ರೈವ್ ಚುಚ್ಚಿದ ಯಂತ್ರಕ್ಕೆ ಹೋಗಿ ಬರುತ್ತದೆ. ತಿರುಗಿ ಬಂದಾಗ ಫೋಲ್ಡರುಗಳ ಜಾಗದಲ್ಲಿ ಶಾರ್ಟ್‌ಕಟ್ ಇರುತ್ತವೆ. ನಿಜವಾದ ಫೋಲ್ಡರನ್ನು ವೈರಸ್ ಬಚ್ಚಿಟ್ಟಿರುತ್ತದೆ. ಆ ಶಾರ್ಟ್‌ಕಟ್ ಒತ್ತಿದರೆ ವೈರಸ್ಸೂ ಓಡುತ್ತದೆ, ಫೋಲ್ಡರೂ ತೆರೆಯುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಪ್ರಿಂಟಿಗೆ ಪೆನ್‌ಡ್ರೈವ್ ಬೇಡ, ಪಿಡಿಎಫ್ ಮಾಡಿ ಇಮೇಲ್ ಕಳಿಸಿ. ಬೇಕೇ ಬೇಕು ಅಂದರೆ ಅಂಗಡಿಗೆ ಅಂತಲೇ ಒಂದು ಖಾಲಿ ಡ್ರೈವ್ ಇಟ್ಟುಕೊಳ್ಳಿ, ಬಂದ ಮೇಲೆ ಫಾರ್ಮ್ಯಾಟ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಆಫ್ ಮಾಡಿ. ಹೊರಗಿನ ಡ್ರೈವ್ ಚುಚ್ಚಿದ ಕೂಡಲೇ ತೆರೆಯದೆ, ಅದರ ಮೇಲೆ ಬಲ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ ಕಾಣುವಂತೆ ಮಾಡಿ. ಆಗ ಹೆಸರಿನ ಕೊನೆಯಲ್ಲಿ 'ಇಎಕ್ಸ್‌ಇ' ಇಟ್ಟುಕೊಂಡು ಪಿಡಿಎಫ್ ವೇಷ ಹಾಕಿರುವ ಫೈಲ್ ಕಣ್ಣಿಗೆ ಬೀಳುತ್ತದೆ.

ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್ ಇನ್ ಸಂಸ್ಥೆ 2017ರಲ್ಲಿ ಸೈಬರ್ ಸ್ವಚ್ಛತಾ ಕೇಂದ್ರ ಶುರು ಮಾಡಿದೆ. ಅದರ ವೆಬ್‌ಸೈಟಿನಲ್ಲಿ ಬಾಟ್ ವೈರಸ್ (ಕಳ್ಳರು ದೂರದಿಂದ ಯಂತ್ರವನ್ನು ಆಡಿಸುವಂತೆ ಮಾಡುವ ವೈರಸ್) ತೆಗೆಯುವ ಬಿಟ್ಟಿ ಸಾಧನಗಳಿವೆ. ಪೆನ್‌ಡ್ರೈವ್‌ಗಳಿಗೆ ಕಡಿವಾಣ ಹಾಕಲು ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ ಡ್ಯಾಕ್ ಮಾಡಿದ 'ಯುಎಸ್‌ಬಿ ಪ್ರತಿರೋಧ್' ಅನ್ನುವುದನ್ನೂ ಅಲ್ಲಿ ಕೊಟ್ಟಿದ್ದಾರೆ.

ಹಂತ 8: ಮಳೆಗಾಲಕ್ಕೆ ಮೊದಲು

ಕೊಳೆ ರೋಗ ಬಂದ ಮೇಲೆ ಬೋರ್ಡೋ ದ್ರಾವಣ ಹೊಡೆದರೆ ಅಡಿಕೆ ಉಳಿಯುವುದಿಲ್ಲ, ಮಳೆ ಹಿಡಿಯುವ ಮೊದಲೇ ಹೊಡೆಯಬೇಕು. ಕಂಪ್ಯೂಟರಿನದೂ ಹಾಗೇ. ಮೇ ತಿಂಗಳ ಕೊನೆಯಲ್ಲಿ ಒಂದು ಭಾನುವಾರ ಇದಕ್ಕೆ ಕೊಡಿ. ವಿಂಡೋಸ್ ಅಪ್‌ಡೇಟ್ ಪೂರ್ತಿ ಮಾಡಿ, ಆಂಟಿವೈರಸ್ ಅಪ್‌ಡೇಟ್ ಮಾಡಿ, ಒಂದು ಫುಲ್ ಸ್ಕ್ಯಾನ್ ಹಾಕಿ. ಹಳೆ ಯಂತ್ರದಲ್ಲಿ ಫುಲ್ ಸ್ಕ್ಯಾನ್ ಗಂಟೆಗಟ್ಟಲೆ ಹಿಡಿಯುತ್ತದೆ, ಬೆಳಿಗ್ಗೆಯೇ ಶುರು ಮಾಡಿ. ಉಳಿದ ದಿನಗಳಿಗೆ ಕ್ವಿಕ್ ಸ್ಕ್ಯಾನ್ ಸಾಕು. ಮುಖ್ಯ ಫೈಲುಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಅದನ್ನು ಯಂತ್ರದಿಂದ ಬಿಚ್ಚಿ ತೇವ ತಾಗದ ಕಡೆ ಇಡಿ. ಚುಚ್ಚಿಯೇ ಬಿಟ್ಟ ಡಿಸ್ಕನ್ನು ರ‍್ಯಾನ್‌ಸಮ್‌ವೇರ್ ಬಿಡುವುದಿಲ್ಲ, ಸಿಡಿಲೂ ಬಿಡುವುದಿಲ್ಲ.

ಫೋನಿನ ಹಾಟ್‌ಸ್ಪಾಟಿನಲ್ಲಿ ನೆಟ್ ಬಳಸುವವರು ಗಮನಿಸಿ. ಆ ಸಂಪರ್ಕವನ್ನು 'ಮೀಟರ್ಡ್' (ಡೇಟಾಕ್ಕೆ ಮಿತಿ ಇರುವುದು) ಅಂತ ಗುರುತು ಮಾಡಿದ್ದರೆ ವಿಂಡೋಸ್ ಹೆಚ್ಚಿನ ಅಪ್‌ಡೇಟ್‌ಗಳನ್ನು ತಾನಾಗಿ ಇಳಿಸುವುದಿಲ್ಲ. ಡೇಟಾ ಉಳಿಯುತ್ತದೆ, ನಿಜ. ಆದರೆ ತಿಂಗಳುಗಟ್ಟಲೆ ಯಂತ್ರ ಹಾಗೇ ಹಿಂದೆ ಬೀಳುತ್ತದೆ. ವಾರಕ್ಕೊಮ್ಮೆ, ದಿನದ ಡೇಟಾ ಉಳಿದಿರುವ ರಾತ್ರಿ ಹೊತ್ತಲ್ಲಿ, ವಿಂಡೋಸ್ ಸೆಕ್ಯುರಿಟಿಯ ಪ್ರೊಟೆಕ್ಷನ್ ಅಪ್‌ಡೇಟ್ಸ್ ತೆರೆದು ನೀವೇ 'ಚೆಕ್ ಫಾರ್ ಅಪ್‌ಡೇಟ್ಸ್' ಒತ್ತಿ. ವಿಂಡೋಸಿನ ದೊಡ್ಡ ಅಪ್‌ಡೇಟ್ ಹಾಕುವಾಗ ಯುಪಿಎಸ್ ಇರಬೇಕು. ಮಧ್ಯದಲ್ಲಿ ಕರೆಂಟ್ ಹೋದರೆ ಯಂತ್ರ ಮತ್ತೆ ಏಳದೇ ಇರಬಹುದು.

ಹಂತ 9: ಹೆದರಿಸುವ ಕಿಟಕಿ ಬಂದರೆ

'ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ, 5 ವೈರಸ್ ಸಿಕ್ಕಿವೆ' ಅಂತ ಪರದೆಯ ಮೂಲೆಯಲ್ಲಿ ಬರುತ್ತಲೇ ಇದ್ದರೆ, ನೀವು ಆ ಆಂಟಿವೈರಸ್ ಹಾಕಿಯೇ ಇಲ್ಲದಿದ್ದರೆ, ಅದು ಬಹುತೇಕ ಯಾವುದೋ ವೆಬ್‌ಸೈಟ್ ಕಳಿಸುವ ನೋಟಿಫಿಕೇಶನ್. ಯಾರೋ ಎಂದೋ 'ಅಲೋ' ಒತ್ತಿರುತ್ತಾರೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಪಟ್ಟಿ ತೆರೆದು ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆಯಿರಿ, ನಿಲ್ಲುತ್ತದೆ.

ಪರದೆ ತುಂಬಾ ಎಚ್ಚರಿಕೆ ಬಂದು, ಜೋರು ಸದ್ದು ಮಾಡಿ, ಒಂದು ಫೋನ್ ನಂಬರ್ ತೋರಿಸಿದರೆ ಅದು ಮೋಸ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಹಾಕುವುದಿಲ್ಲ. ಆಲ್ಟ್ ಮತ್ತು ಎಫ್4 ಒತ್ತಿ. ಹೋಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿ. ಅದೂ ಆಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಆ ನಂಬರಿಗೆ ಫೋನ್ ಮಾಡಬೇಡಿ, ಯಾರು ಹೇಳಿದರೂ, ದೂರದಿಂದ ನಿಮ್ಮ ಯಂತ್ರ ಆಡಿಸಲು ಬಿಡುವ ಎನಿಡೆಸ್ಕ್ ಥರದ ಆ್ಯಪ್ ಹಾಕಬೇಡಿ. ಇದನ್ನು ಮನೆಯ ಹಿರಿಯರಿಗೆ ಒಮ್ಮೆ ಎದುರು ಕೂತು ಹೇಳಿ. ಅವರು ಹೆದರಿ ಫೋನ್ ಮಾಡಿದರೆ ಬೈಯಬೇಡಿ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ.

ನಿಜವಾಗಿ ವೈರಸ್ ಹೊಕ್ಕಿದೆ ಅನ್ನಿಸಿದರೆ ಮೊದಲು ನೆಟ್ ಕಿತ್ತುಬಿಡಿ. ಡಿಫೆಂಡರಿನ ಸ್ಕ್ಯಾನ್ ಆಯ್ಕೆಗಳಲ್ಲಿ 'ಆಫ್‌ಲೈನ್ ಸ್ಕ್ಯಾನ್' ಇದೆ. ಯಂತ್ರ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷದ ಕೆಲಸ, ಹಳೆ ಯಂತ್ರದಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಇನ್ನೊಂದು ಕಣ್ಣಿನಿಂದಲೂ ನೋಡಬೇಕು ಅಂದರೆ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಅನ್ನು ಬೇರೆ ಒಳ್ಳೆಯ ಯಂತ್ರದಲ್ಲಿ ಇಳಿಸಿ ತನ್ನಿ. ಇಳಿಸಿದ 10 ದಿನಕ್ಕೆ ಅದರ ಅವಧಿ ಮುಗಿಯುತ್ತದೆ, ಆಮೇಲೆ ಹೊಸದಾಗಿ ಇಳಿಸಬೇಕು. ಪಾಸ್‌ವರ್ಡ್‌ಗಳನ್ನು ಬದಲಾಯಿಸುವುದು ಫೋನಿನಿಂದಲೇ ಆಗಲಿ. ಸೋಂಕಿದ ಯಂತ್ರದಲ್ಲಿ ಬದಲಾಯಿಸಿದರೆ ಹೊಸದೂ ಕಳ್ಳರ ಕೈಗೆ ಹೋಗಬಹುದು.

ಖಾತೆಯಿಂದ ದುಡ್ಡು ಹೋಗಿದ್ದರೆ ಯಂತ್ರ ಸರಿ ಮಾಡುತ್ತಾ ಕೂರಬೇಡಿ. ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ. ಬೇಗ ತಿಳಿಸಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಅವಕಾಶ ಜಾಸ್ತಿ. ಈ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಮಾನಿಟರಿನ ಪಕ್ಕದಲ್ಲೇ ಅಂಟಿಸಿಡಿ.